ಶಿರಸಿ ನಗರಸಭೆಗೆ ನಿಲ್ಲುವವರು ಮೊದಲು ಯಾವುದರ ಬಗ್ಗೆ ಮಾತಾಡಬೇಕು?

ಶಿರಸಿಯಲ್ಲಿ ಚುನಾವಣೆ ಯಾವುದೇ ಇರಲಿ, ಮಾತು ಮೂರು ವಿಷಯಕ್ಕೆ ಬಂದು ನಿಲ್ಲುತ್ತದೆ. ಉತ್ತರ ಕನ್ನಡದಿಂದ ಬೇರೆಯಾಗಿ ಶಿರಸಿ ಪ್ರತ್ಯೇಕ ಜಿಲ್ಲೆ ಆಗಬೇಕು. ತಾಳಗುಪ್ಪದಿಂದ ಶಿರಸಿ ಮೇಲೆ ಹುಬ್ಬಳ್ಳಿಗೆ ರೈಲು ಬರಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು. ಮೂರೂ ನ್ಯಾಯವಾದ ಬೇಡಿಕೆಗಳೇ. 2022ರಲ್ಲಿ ಆಸ್ಪತ್ರೆ ಕೊಡದಿದ್ದರೆ ಮತ ಇಲ್ಲ ಎಂದು ಜಿಲ್ಲೆಯ ಜನ ದನಿ ಎತ್ತಿದ್ದು ಸುಮ್ನೆ ಅಲ್ಲ. ಅಪಘಾತವಾದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಎಂದು ಓಡುವ ಪಾಡು ಎಲ್ಲರಿಗೂ ಗೊತ್ತು. ಆದರೆ ನಗರಸಭೆಗೆ ನಿಲ್ಲುವವರು ಇದನ್ನೇ ಕರಪತ್ರದಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದರೆ ಸ್ವಲ್ಪ ಯೋಚಿಸಬೇಕು. ಜಿಲ್ಲೆ ಮಾಡುವುದು ರಾಜ್ಯ ಸರ್ಕಾರ. ರೈಲು ಕೇಂದ್ರದ್ದು. ಆಸ್ಪತ್ರೆ ಆರೋಗ್ಯ ಇಲಾಖೆಯದ್ದು. ಮೂರರಲ್ಲಿ ಒಂದೂ ನಗರಸಭೆಯ ಕೈಯಲ್ಲಿಲ್ಲ.

ಅದರ ಕೈಯಲ್ಲಿರುವುದು ಇಷ್ಟು ದೊಡ್ಡ ಹೆಸರಿನ ಕೆಲಸಗಳಲ್ಲ. ನಲ್ಲಿ ನೀರು, ಗಟಾರ, ಕಸ, ಬೀದಿ ದೀಪ, ಸ್ಮಶಾನ, ಸಂತೆ ಮಾರುಕಟ್ಟೆ, ಮನೆ ಕಟ್ಟುವ ಪರವಾನಗಿ, ಜನನ ಮರಣದ ದಾಖಲೆ. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ 87ನೇ ಕಲಂ ಇಂಥ ಕೆಲಸಗಳನ್ನು ಕಡ್ಡಾಯ ಎನ್ನುತ್ತದೆ. ಕಡ್ಡಾಯವಲ್ಲ, ಮಾಡಿದರೆ ಒಳ್ಳೆಯದು ಎನ್ನುವಂಥವು 91ನೇ ಕಲಂನಲ್ಲಿವೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕಾಯ್ದೆಯೇ ಅರ್ಧ ಹೇಳಿಬಿಟ್ಟಿದೆ. ಉಳಿದರ್ಧವನ್ನು ಅಭ್ಯರ್ಥಿ ಹೇಳಬೇಕು. ಹೇಳುವವರು ಕಡಿಮೆ. ಇಪ್ಪತ್ತು ಭರವಸೆ ಪಟ್ಟಿ ಮಾಡಿದರೆ ಯಾರಿಗೂ ಬೇಸರ ಆಗುವುದಿಲ್ಲ. 'ಇದನ್ನು ಮೊದಲು ಮಾಡ್ತೇನೆ, ಅದು ಮುಂದೆ ಹೋಗ್ತದೆ' ಎಂದರೆ ಒಂದಿಷ್ಟು ಮತ ಹೋಗುತ್ತದೆ.

ಈಗಿನ ಶಿರಸಿಗೆ ನನ್ನ ಪ್ರಕಾರ ಮೊದಲನೆಯದು ನೀರು. ಬರುವ ನೀರು ಮತ್ತು ಮನೆಯಿಂದ ಹೊರಗೆ ಹೋಗುವ ನೀರು, ಎರಡನ್ನೂ ಒಟ್ಟಿಗೆ ಹಿಡಿದು. ಎರಡನೆಯದು ಊರಿನ ಅಂಚು. ಉಳಿದದ್ದೆಲ್ಲ ಇವುಗಳ ಹಿಂದೆ ನಿಲ್ಲಬೇಕು. ಯಾಕೆ ಅಂತ ನೋಡೋಣ.

ಐದು ವರ್ಷ ಎನ್ನುವುದು ಪೂರ್ತಿ ಐದು ವರ್ಷ ಅಲ್ಲ

ಶಿರಸಿ, ಕಾರವಾರ, ದಾಂಡೇಲಿ ಮೂರೂ ನಗರಸಭೆಗಳು. ಮೂರರಲ್ಲೂ ತಲಾ 31 ವಾರ್ಡ್. 2018ರ ಆಗಸ್ಟ್ 31ರಂದು ನಾವು ಮತ ಹಾಕಿದೆವು, ಕೆಲವೇ ದಿನದಲ್ಲಿ ಫಲಿತಾಂಶವೂ ಬಂತು. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟ್ ಮೆಟ್ಟಿಲು ಹತ್ತಿತು. ಗೆದ್ದವರು ಎರಡು ವರ್ಷ ಹೆಸರಿಗೆ ಮಾತ್ರ ಸದಸ್ಯರಾಗಿ ಉಳಿದರು. 2020ರ ಕೊನೆಗೆ ಅಧ್ಯಕ್ಷರ ಆಯ್ಕೆ ಆಯಿತು. ಅವರ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿಗೆ ಮತ್ತೆ ಕಾಯಬೇಕಾಯಿತು. ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಇದು ಶಿರಸಿಯೊಂದರ ಕತೆಯಲ್ಲ, ರಾಜ್ಯದ ಬಹುತೇಕ ನಗರಸಭೆ, ಪುರಸಭೆಗಳದ್ದೂ ಇದೇ. ಅಧ್ಯಕ್ಷರಿಲ್ಲದ ಕಾಲದಲ್ಲಿ ಆಡಳಿತಾಧಿಕಾರಿ ಮತ್ತು ಪೌರಾಯುಕ್ತರೇ ಊರು ನಡೆಸಿದರು. ಸದಸ್ಯರ ಮನೆಗೆ ಹೋಗಿ 'ನಮ್ಮ ಗಟಾರ ನೋಡಿ' ಎಂದರೆ, 'ನಂಗೆ ಎಂತ ಅಧಿಕಾರ ಇದ್ದು ಮಾರಾಯ್ರೇ' ಎನ್ನುವ ಉತ್ತರ. ಅದು ಪೂರ್ತಿ ನೆಪವೂ ಅಲ್ಲ.

ಇದನ್ನು ಹೇಳಿದ್ದು ಅನುಕಂಪಕ್ಕಲ್ಲ. ಹೊಸದಾಗಿ ನಿಲ್ಲುವವರು ತಮ್ಮ ಯೋಜನೆಯನ್ನು ಐದು ವರ್ಷಕ್ಕೆ ಹಾಕಿಕೊಂಡರೆ ಕೆಡುತ್ತಾರೆ ಎಂಬುದಕ್ಕೆ. ಒಬ್ಬ ಅಧ್ಯಕ್ಷರ ಮೂವತ್ತು ತಿಂಗಳಲ್ಲಿ ಶುರುವಾಗಿ ಮುಗಿಯುವಂಥ ಕೆಲಸ ಯಾವುದು ಎಂದು ಮೊದಲೇ ಆರಿಸಿಕೊಳ್ಳಬೇಕು. ಸದಸ್ಯನಿಗೆ 31ರಲ್ಲಿ ಒಂದು ಮತ ಮಾತ್ರ. ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರು, ಸಂಸದರ ಮತವೂ ಸೇರುತ್ತದೆ. 'ನಾನು ಮಾಡಿಸ್ತೇನೆ' ಎನ್ನುವ ಮಾತಿಗಿಂತ, 'ಇಂಥ ಠರಾವು ಮಂಡಿಸ್ತೇನೆ, ಅದಕ್ಕೆ ಪಕ್ಕದ ವಾರ್ಡಿನವರನ್ನೂ ಒಪ್ಪಿಸ್ತೇನೆ' ಎನ್ನುವ ಮಾತಿಗೆ ತೂಕ ಜಾಸ್ತಿ.

ಊರು ಬೆಳೆದಿದೆ, ಲೆಕ್ಕ ಬೆಳೆದಿಲ್ಲ

2011ರ ಜನಗಣತಿಯಲ್ಲಿ ಶಿರಸಿ ನಗರದ ಜನಸಂಖ್ಯೆ ಸುಮಾರು 63 ಸಾವಿರ. ಈಗಲೂ ಸರ್ಕಾರಿ ಕಾಗದದಲ್ಲಿ ಓಡಾಡುವುದು ಅದೇ ಸಂಖ್ಯೆ. ರಾಜ್ಯದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕವಿದೆ. 63 ಸಾವಿರಕ್ಕೆ 90 ಜನ ಆಗುತ್ತದೆ. ಕಳೆದ ಹದಿನೈದು ವರ್ಷದಲ್ಲಿ ಎಷ್ಟು ಬೀದಿ ಹೊಸದಾಗಿ ಹುಟ್ಟಿದರೂ ಆ 90 ಬದಲಾಗುವುದಿಲ್ಲ. ಕಡ್ಡಿ ಕಸಬರಿಗೆ ಹಿಡಿದವರು ಮಾತ್ರ ಮೊದಲಿಗಿಂತ ದೂರ ನಡೆಯಬೇಕು. ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಗೆ. ಅದರ ಅಂಕಿ ಹೊರಬಂದು, ಅನುದಾನಕ್ಕೆ, ಸಿಬ್ಬಂದಿಗೆ ಅನ್ವಯ ಆಗುವುದಕ್ಕೆ ಇನ್ನಷ್ಟು ಸಮಯ ಬೇಕು.

ಶಿರಸಿಯ ಬೆಳವಣಿಗೆ ಕಣ್ಣಿಗೆ ಹೊಡೆಯುವಂಥದ್ದಲ್ಲ. ಇಲ್ಲಿ ದೊಡ್ಡ ಕಾರ್ಖಾನೆ ಬಂದಿಲ್ಲ. ಹುಬ್ಬಳ್ಳಿಯಂತೆ ಮೇಲ್ಸೇತುವೆ ಎದ್ದಿಲ್ಲ. ಹಳ್ಳಿ ಮನೆಯ ಮಕ್ಕಳು ಬೆಂಗಳೂರು ಸೇರಿದ್ದಾರೆ. ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಡಾಕ್ಟರು, ಔಷಧಿ ಅಂಗಡಿ, ಬ್ಯಾಂಕು ಹತ್ತಿರ ಇರಲಿ ಎಂದು ಪೇಟೆಯಲ್ಲೊಂದು ಸೈಟು ಕೊಂಡು ಮನೆ ಕಟ್ಟಿಸಿದ್ದಾರೆ. ತೋಟ ಅಲ್ಲೇ ಇದೆ, ಅಡಿಕೆ ಗೊನೆ ಕೊಯ್ಲಿಗೆ ಹೋಗಿ ಬರುತ್ತಾರೆ. ಸಿದ್ದಾಪುರ, ಯಲ್ಲಾಪುರ, ಮುಂಡಗೋಡದ ಮಕ್ಕಳು ಕಾಲೇಜಿಗೆ ಇಲ್ಲಿಗೆ ಬರುತ್ತಾರೆ, ಅವರಿಗೆ ರೂಮು ಬೇಕು. ಅಡಿಕೆಗೆ ದರ ಬಂದ ವರ್ಷ ಸೈಟಿನ ವ್ಯಾಪಾರವೂ ಏರುತ್ತದೆ. 1923ರಲ್ಲಿ ಶುರುವಾದ, ಅಡಿಕೆ ಮಾರಾಟದ ಟಿಎಸ್‌ಎಸ್‌ನಂಥ ಸಹಕಾರಿ ಸಂಘಗಳ ಅಂಗಳದಲ್ಲಿ ಓಡಾಡುವ ದುಡ್ಡಿನ ಒಂದು ಪಾಲು ಕೊನೆಗೆ ಇಟ್ಟಿಗೆ, ಸಿಮೆಂಟು ಆಗುತ್ತದೆ.

ಆದರೆ ಜಾಗ ಎಲ್ಲಿದೆ? ಉತ್ತರ ಕನ್ನಡದಲ್ಲಿ ನೂರಕ್ಕೆ ಎಂಬತ್ತರಷ್ಟು ನೆಲ ದಾಖಲೆಯಲ್ಲಿ ಅರಣ್ಯ. ಉಳಿದದ್ದರಲ್ಲಿ ಅಡಿಕೆ ತೋಟ ಇದೆ, ಗದ್ದೆ ಇದೆ, ತೋಟಕ್ಕೆ ಅಂಟಿಕೊಂಡ ಸೊಪ್ಪಿನ ಬೆಟ್ಟ ಇದೆ. ಬೆಟ್ಟವನ್ನು ಸೈಟು ಮಾಡುವ ಹಾಗಿಲ್ಲ, ತೋಟ ಯಾರೂ ಸುಲಭಕ್ಕೆ ಕೊಡುವುದಿಲ್ಲ. ಹಾಗಾಗಿ ಸೈಟು ಆಗುವುದು ಗದ್ದೆ, ಇಲ್ಲಾಂದ್ರೆ ಗುಡ್ಡದ ಇಳಿಜಾರು. ಗದ್ದೆ ಎಂದರೆ ಮಳೆಗಾಲದಲ್ಲಿ ನೀರು ಬಂದು ನಿಲ್ಲುತ್ತಿದ್ದ ಜಾಗ. ಅದಕ್ಕೆ ಮಣ್ಣು ತುಂಬಿದರೆ ನೀರು ಇನ್ನೊಬ್ಬರ ಅಂಗಳ ಹುಡುಕುತ್ತದೆ. ಗುಡ್ಡ ಕಡಿದರೆ ಆಗುವುದೇನು ಎಂದು ಈ ಜಿಲ್ಲೆಗೆ ಬೇರೆ ಯಾರೂ ಪಾಠ ಹೇಳಬೇಕಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದನ್ನು ಇಡೀ ದೇಶ ನೋಡಿತು. ಶಿರಸಿಯ ಇಳಿಜಾರು ಅಷ್ಟು ಕಡಿದಲ್ಲ, ನಿಜ. ಆದರೂ ಯಾವ ಗುಡ್ಡಕ್ಕೆ ಎಷ್ಟು ಕತ್ತರಿ ಹಾಕಬಹುದು ಎಂದು ಪರವಾನಗಿ ಕೊಡುವ ಮೊದಲು ನೋಡುವವರು ಬೇಕಲ್ವಾ?

ನೀರು ಮತ್ತು ಪಿಟ್

ಶಿರಸಿಗೆ ಕುಡಿಯುವ ನೀರು ಬರುವುದು ಕೆಂಗ್ರೆ ಮತ್ತು ಮಾರಿಗದ್ದೆ ಹೊಳೆಗಳಿಂದ. ಮಳೆಗಾಲದಲ್ಲಿ ಎರಡೂ ತುಂಬಿ ಹರಿಯುತ್ತವೆ. ಏಪ್ರಿಲ್, ಮೇ ಬಂತೆಂದರೆ ಹರಿವು ಸೊರಗುತ್ತದೆ, ನಲ್ಲಿಗೆ ನೀರು ಬಿಡುವ ದಿನಗಳು ದೂರ ದೂರ ಆಗುತ್ತವೆ, ಟ್ಯಾಂಕರ್ ಶುರುವಾಗುತ್ತದೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಇದು ನಡೆಯುತ್ತದೆ ಎಂದರೆ ಬಯಲುಸೀಮೆಯವರು ನಂಬುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ದೇಶದ ಮಾನದಂಡ. 63 ಸಾವಿರ ಜನಕ್ಕೆ ಅದು ದಿನಕ್ಕೆ 85 ಲಕ್ಷ ಲೀಟರ್. ಹೆಚ್ಚಿದ ಜನ, ಹೋಟೆಲು, ಹಾಸ್ಟೆಲು ಸೇರಿದರೆ ಇನ್ನೂ ಜಾಸ್ತಿ. ಈಗ ಇನ್ನೊಂದು ಲೆಕ್ಕ. ಸಾವಿರ ಚದರ ಅಡಿ ಮಾಡಿನ ಮೇಲೆ 2,500 ಮಿಲಿಮೀಟರ್ ಮಳೆ ಬಿದ್ದರೆ ವರ್ಷಕ್ಕೆ ಸುಮಾರು 2.3 ಲಕ್ಷ ಲೀಟರ್. ನಾಲ್ಕು ಜನರ ಮನೆಗೆ ವರ್ಷವಿಡೀ ಬೇಕಾಗುವುದು ಹೆಚ್ಚುಕಡಿಮೆ 2 ಲಕ್ಷ ಲೀಟರ್. ಮಾಡಿನ ಮೇಲೆ ಬೀಳುವ ನೀರೇ ಆ ಮನೆಯ ಅಗತ್ಯಕ್ಕಿಂತ ಹೆಚ್ಚು! ತೊಂದರೆ ಏನೆಂದರೆ ಅದೆಲ್ಲ ನಾಲ್ಕು ತಿಂಗಳಲ್ಲಿ ಬಂದು ಹೋಗುತ್ತದೆ. ಅಷ್ಟು ದೊಡ್ಡ ತೊಟ್ಟಿ ಯಾರೂ ಕಟ್ಟಲಾರರು. ಹಾಗಾಗಿ ನೀರನ್ನು ನೆಲಕ್ಕೆ, ಬಾವಿಗೆ ಇಂಗಿಸಬೇಕು. ಚಿರೆಕಲ್ಲಿನ ನೆಲ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ನಮ್ಮ ಹಿರಿಯರ ಮನೆಗಳಲ್ಲಿ ಬಾವಿ ಇಲ್ಲದ ಮನೆ ಕಡಿಮೆ.

ಆದರೆ ಅದೇ ನೆಲ ಪಿಟ್, ಅಂದರೆ ಶೌಚದ ಗುಂಡಿಯ ನೀರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಬೆಳೆಯುವ ಊರಿನ ನಿಜವಾದ ಕಷ್ಟ ಇಲ್ಲಿದೆ. ಒಳಚರಂಡಿ ಇನ್ನೂ ಊರಿಡೀ ಮುಟ್ಟಿಲ್ಲ. ಹೊಸ ಬಡಾವಣೆಗಳ ಮನೆಮನೆಗೂ ಪಿಟ್. 30x40 ಸೈಟಿನಲ್ಲಿ ಒಂದು ಮೂಲೆಯಿಂದ ಎದುರಿನ ಮೂಲೆಗೆ ಇರುವ ದೂರ ಸರಿಯಾಗಿ 50 ಅಡಿ. ಬಾವಿಯನ್ನು ಈ ಮೂಲೆಗೆ, ಪಿಟ್ಟನ್ನು ಆ ಮೂಲೆಗೆ ಇಟ್ಟರೂ ಅದಕ್ಕಿಂತ ದೂರ ಸಿಗುವುದಿಲ್ಲ. ಅಷ್ಟು ಮಾಡಿದರೂ ಪಕ್ಕದ ಮನೆಯವರ ಪಿಟ್ ನಿಮ್ಮ ಬಾವಿಗೆ ತಾಗಿಕೊಂಡೇ ಇರಬಹುದು. ನಾಲ್ಕು ಮನೆ ಇದ್ದಾಗ ನೆಲ ತಡೆದುಕೊಂಡಿತು. ನಲವತ್ತು ಮನೆ ಆದಾಗ ತಡೆಯುವುದಿಲ್ಲ. ಮೊದಲ ಮಳೆಗೆ ಬಾವಿ ನೀರು ವಾಸನೆ ಬಂತು ಎಂದು ಜನ ಬೋರ್ ಹೊಡೆಸುತ್ತಾರೆ, ಬೋರ್ ಜಾಸ್ತಿ ಆದ ಹಾಗೆ ಬಾವಿ ಇಳಿಯುತ್ತದೆ, ಬಾವಿ ಇಳಿದವರೆಲ್ಲ ನಲ್ಲಿಗೆ ಅರ್ಜಿ ಹಾಕುತ್ತಾರೆ. ಕೊನೆಗೆ ಎಲ್ಲ ಭಾರವೂ ಬೇಸಿಗೆಯಲ್ಲಿ ಸೊರಗುವ ಅವೇ ಎರಡು ಹೊಳೆಗಳ ಮೇಲೆ. ನೀರು ಬೇರೆ, ಚರಂಡಿ ಬೇರೆ ಎಂದು ಎರಡು ಭರವಸೆ ಬರೆದವರಿಗೆ ಈ ಕೊಂಡಿ ಕಂಡಿಲ್ಲ ಎಂದೇ ನಾನು ತಿಳಿಯುತ್ತೇನೆ.

ಪಿಟ್ ತುಂಬಿದಾಗ ಸಕ್ಕಿಂಗ್ ಗಾಡಿ ಕರೆಸುತ್ತೇವೆ. ಅದು ಬಂದು ತುಂಬಿಕೊಂಡು ಹೋಗುತ್ತದೆ, ನಾವು ದುಡ್ಡು ಕೊಟ್ಟು ಬಾಗಿಲು ಹಾಕಿಕೊಳ್ಳುತ್ತೇವೆ. ಅದು ಎಲ್ಲಿ ಖಾಲಿ ಆಗುತ್ತದೆ? ಈ ಪ್ರಶ್ನೆಯನ್ನು ಯಾವ ಪ್ರಚಾರ ಸಭೆಯಲ್ಲೂ ಕೇಳುವುದಿಲ್ಲ, ಯಾಕೆಂದರೆ ಕೇಳಲು ಹೇಸಿಗೆ. ಆದರೆ ಇದಕ್ಕೆ ದಾರಿ ಇದೆ. ಬೆಂಗಳೂರು ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲೇ ಪಿಟ್ ಕೆಸರನ್ನು ಶುದ್ಧ ಮಾಡುವ ಘಟಕ ಶುರುವಾಯಿತು. ಇಡೀ ಊರಿಗೆ ರಸ್ತೆ ಅಗೆದು ಪೈಪ್ ಹಾಕುವ ಯೋಜನೆಗೆ ವರ್ಷಗಟ್ಟಲೆ ಬೇಕು, ನೂರೆಂಟು ಮಂಜೂರಾತಿ ಬೇಕು. ಕೆಸರು ಘಟಕ, ಗಾಡಿಗಳಿಗೆ ನೋಂದಣಿ, ಮೂರ್ನಾಲ್ಕು ವರ್ಷಕ್ಕೊಮ್ಮೆ ಪಿಟ್ ಖಾಲಿ ಮಾಡಿಸುವ ನಿಯಮ, ಇವು ಮೂವತ್ತು ತಿಂಗಳಲ್ಲಿ ಆಗುವಂಥವು. ನನ್ನನ್ನು ಕೇಳಿದರೆ ಅಭ್ಯರ್ಥಿಯ ಪಟ್ಟಿಯಲ್ಲಿ ಇದೇ ಮೇಲೆ ಇರಬೇಕು. ಇದರಲ್ಲಿ ಉದ್ಘಾಟನೆಯ ಸಡಗರ ಇಲ್ಲ, ಅದು ಬೇರೆ ಮಾತು.

ಗಟಾರದ ನೀರು ಹೋಗುವ ಜಾಗವೂ ಸಣ್ಣದಲ್ಲ. ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. ಇಲ್ಲಿಂದ ದೋಣಿಹಳ್ಳವಾಗಿ ಇಳಿದು, ಮಂಜುಗುಣಿ ಕಡೆಯಿಂದ ಬರುವ ಬಕೂರಹೊಳೆಯನ್ನು ಸೇರಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಇಲ್ಲದ ಕೆಲವೇ ನದಿಗಳಲ್ಲಿ ಇದೂ ಒಂದು. ಅದರ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವವರಿದ್ದಾರೆ, ಉಪ್ಪುನೀರು ಬರುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರಿದ್ದಾರೆ. 2024ರಲ್ಲಿ ಆ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಂಥ ನದಿ ಹುಟ್ಟುವ ಹೊಂಡದ ಸುತ್ತ ಊರು ಬೆಳೆದು, ಊರಿನ ಕೊಳೆ ನೀರು ಆ ಹಳ್ಳಕ್ಕೇ ಇಳಿಯುತ್ತಿದೆ. ಮಳೆಗಾಲದಲ್ಲಿ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಪೇಟೆ ಹತ್ತಿರದ ಹಳ್ಳ ನೋಡಿದರೆ ಗೊತ್ತಾಗುತ್ತದೆ. ಬೇಡ್ತಿ, ಅಘನಾಶಿನಿ ನೀರನ್ನು ಬೇರೆ ಕಡೆ ತಿರುಗಿಸುವ ಯೋಜನೆ ಬಂದಾಗ ಶಿರಸಿಯವರು ಬೀದಿಗೆ ಇಳಿದಿದ್ದಾರೆ, ಇಳಿದದ್ದು ಸರಿಯೇ. ಅದೇ ಸಿಟ್ಟಿನಲ್ಲಿ ಸ್ವಲ್ಪ ಭಾಗ ನಮ್ಮ ಗಟಾರದ ಮೇಲೂ ಬರಲಿ.

ಪಕ್ಕದ ಉದಾಹರಣೆ ಕಾರವಾರ. ಕಾಳಿ ನದಿಯ ದಡದಲ್ಲೇ ಕೂತಿರುವ ಊರು. ಆದರೆ ಅಲ್ಲಿ ಕಾಳಿಗೆ ಸಮುದ್ರದ ಉಪ್ಪು ಸೇರಿರುತ್ತದೆ. ಹಾಗಾಗಿ ಕುಡಿಯಲು ಅಂಕೋಲಾ ತಾಲ್ಲೂಕಿನ ಗಂಗಾವಳಿಯಿಂದ ನೀರು ತರುತ್ತಾರೆ. ಒಂದೇ ದೂರದ ಕೊಳವೆಯನ್ನು ನಂಬಿದ ಊರಿಗೆ ಪೈಪ್ ಒಡೆದರೆ, ಪಂಪ್ ಕೆಟ್ಟರೆ ಬೇರೆ ಗತಿ ಇಲ್ಲ. ಶಿರಸಿಗೆ ಇನ್ನೂ ಬಾವಿಗಳಿವೆ, ಕೆರೆಗಳಿವೆ. ಜೀವಜಲ ಕಾರ್ಯಪಡೆಯಂಥ ನಾಗರಿಕರ ಗುಂಪು ದುಡ್ಡು ಕೂಡಿಸಿ ಕೆರೆಗಳ ಹೂಳು ತೆಗೆದದ್ದನ್ನು ಊರೇ ನೋಡಿದೆ. ಹೂಳು ತೆಗೆದ ಕೆರೆಗೆ ಮತ್ತೆ ಗಟಾರದ ನೀರು ಸೇರದಂತೆ ನೋಡಿಕೊಳ್ಳುವುದು ಮಾತ್ರ ನಾಗರಿಕರಿಂದ ಆಗುವುದಿಲ್ಲ. ಅದು ನಗರಸಭೆಯದೇ ಕೆಲಸ.

ಇನ್ನು ಸೋರಿಕೆ. ಪೂರೈಸಿದ ನೀರಿನಲ್ಲಿ ಲೆಕ್ಕಕ್ಕೆ ಸಿಗದೇ ಹೋಗುವ ಪಾಲು ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು ಎಂಬುದು ಕೇಂದ್ರದ ಗುರಿ. ಶಿರಸಿಯದು ಎಷ್ಟು ಎಂದು ವಾರ್ಡುವಾರು ಅಳೆದು ಫಲಕದಲ್ಲಿ ಹಾಕಿಸುತ್ತೇನೆ ಎಂದು ಒಬ್ಬ ಅಭ್ಯರ್ಥಿ ಹೇಳಿದರೂ ಸಾಕು, ನಾನು ಕಿವಿಗೊಡುತ್ತೇನೆ.

ಅಂಚಿನ ಮನೆಗಳು

ಊರು ಬೆಳೆಯುತ್ತಿರುವುದು ಪೇಟೆಯ ನಡುವಿನ ಸಿ.ಪಿ. ಬಜಾರಿನಲ್ಲೂ ಅಲ್ಲ, ದೇವಿಕೆರೆಯಲ್ಲೂ ಅಲ್ಲ. ಹುಬ್ಬಳ್ಳಿ ರಸ್ತೆ, ಬನವಾಸಿ ರಸ್ತೆ, ಯಲ್ಲಾಪುರ ರಸ್ತೆಯ ಆಚೀಚೆ, ಹುತ್ಗಾರ, ದೊಡ್ನಳ್ಳಿ ಕಡೆಗೆ. ಅಲ್ಲಿ ಎಷ್ಟೋ ಮನೆಗಳು ಗ್ರಾಮ ಪಂಚಾಯ್ತಿ ಲೆಕ್ಕಕ್ಕೆ ಬರುತ್ತವೆ. ಅಲ್ಲಿದ್ದವರು ಕೆಲಸಕ್ಕೆ, ಶಾಲೆಗೆ, ಮಾರುಕಟ್ಟೆಗೆ ಪೇಟೆಗೇ ಬರುತ್ತಾರೆ. ತೆರಿಗೆ ಪಂಚಾಯ್ತಿಗೆ ಕಟ್ಟುತ್ತಾರೆ. ಅವರ ಗಟಾರ ನಗರಸಭೆ ಗಡಿಗೆ ಬಂದು ನಿಂತುಬಿಡುತ್ತದೆ. ಮುಂದಿನದು ಯಾರದ್ದು ಎಂಬ ಜಗಳದಲ್ಲಿ ಸೊಳ್ಳೆ ಮಾತ್ರ ಎರಡೂ ಕಡೆ ಸುಖವಾಗಿರುತ್ತದೆ.

ಗಡಿಯ ಒಳಗಿದ್ದವರಿಗೆ ಬೇರೆ ಗೋಳು. ನಗರಸಭೆ ಕೊಡುವ ಆಸ್ತಿ ದಾಖಲೆ ಫಾರಂ ನಂಬರ್ 3 ಎಂದರೆ ಸಾಕು, ಇಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದು ಕತೆ ಇದೆ. ಎನ್‌ಎ (ಕೃಷಿಯೇತರ ಪರಿವರ್ತನೆ) ಆಗಿದೆ, ಲೇಔಟ್ ಮಂಜೂರಾಗಿಲ್ಲ. ಅಪ್ಪನ ಕಾಲದ ಮನೆ, ನಕ್ಷೆ ಇಲ್ಲ. ಮಾರುವಂತಿಲ್ಲ, ಬ್ಯಾಂಕ್ ಸಾಲ ಸಿಗುವುದಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ಇಂಥ ಆಸ್ತಿಗಳಿಗೆ ಬಿ ಖಾತಾ ಕೊಡುವ ದಾರಿ ಮಾಡಿತು. ಅದರಿಂದ ಅಂಥ ಆಸ್ತಿಗಳು ತೆರಿಗೆಯ ಬಲೆಗೆ ಬಂದವು. ಆದರೆ ಬಿ ಖಾತಾ ಸಿಕ್ಕ ಮಾತ್ರಕ್ಕೆ ಬಡಾವಣೆಗೆ ಗಟಾರ, ರಸ್ತೆ, ಉದ್ಯಾನದ ಜಾಗ ತಾನಾಗಿ ಹುಟ್ಟುವುದಿಲ್ಲ. ಅಂಥ ಬಡಾವಣೆಯಲ್ಲಿ ಹತ್ತಡಿ ರಸ್ತೆ ಇದ್ದರೆ ಹತ್ತಡಿಯೇ. ಕಸದ ಗಾಡಿ ತಿರುಗುವುದಿಲ್ಲ, ಸಕ್ಕಿಂಗ್ ಗಾಡಿ ಒಳಗೆ ಬರುವುದಿಲ್ಲ, ಅಗ್ನಿಶಾಮಕದ್ದು ಕೇಳುವುದೇ ಬೇಡ. ಖಾತಾ ಕೊಡಿಸ್ತೇನೆ ಎನ್ನುವ ಅಭ್ಯರ್ಥಿ ಸಿಗುತ್ತಾರೆ. ಇನ್ನು ಮುಂದೆ ಇಂಥ ಬಡಾವಣೆ ಆಗಲು ಬಿಡುವುದಿಲ್ಲ ಎನ್ನುವವರು ಸಿಗುವುದಿಲ್ಲ. ಸೈಟು ಮಾಡುವವರೂ ಮತದಾರರೇ, ಚುನಾವಣೆಗೆ ಕೈಬಿಚ್ಚಿ ಕೊಡುವವರೂ ಅವರೇ ಇರಬಹುದು.

ಅರಣ್ಯ ಜಾಗದಲ್ಲಿ ಮನೆ ಕಟ್ಟಿಕೊಂಡವರದ್ದು ಇನ್ನೂ ಕಷ್ಟ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿಗೆ ಸೇರದವರಿಗೆ 75 ವರ್ಷದ ನೆಲೆಯನ್ನು ಕೇಳುತ್ತದೆ. ಆ ದಾಖಲೆ ಎಷ್ಟು ಮನೆಯಲ್ಲಿದೆ? ಹಕ್ಕುಪತ್ರ ಕೊಡುವುದು ನಗರಸಭೆಯ ಕೈಲಿಲ್ಲ. ನಲ್ಲಿ, ದೀಪ, ಕಸದ ಗಾಡಿ ಬೀದಿಗೆ ಬರುವಂತೆ ಮಾಡುವುದು ಇದೆ. ಈ ಎರಡನ್ನು ಬೇರೆ ಮಾಡಿ ಹೇಳುವ ಧೈರ್ಯ ಅಭ್ಯರ್ಥಿಗೆ ಬೇಕು.

ಕಸ, ರಸ್ತೆ, ದುಡ್ಡು

ಕಸದ ಬಗ್ಗೆ ಒಂದೇ ಮಾತು. ಬಯಲುಸೀಮೆಯಲ್ಲಿ ನಡೆಯುವ ಗೊಬ್ಬರದ ಲೆಕ್ಕ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದಿಲ್ಲ. ಹಸಿ ಕಸ ಮಳೆಯಲ್ಲಿ ನೆನೆದು ರಾಡಿ ಆಗುತ್ತದೆ, ಅದರ ನೀರು ಮತ್ತೆ ಹಳ್ಳಕ್ಕೆ. ಮಾಡು ಇರುವ ಗೊಬ್ಬರ ಘಟಕ ಮಳೆಗಾಲದ ಮೊದಲು ಸಿದ್ಧ ಇರಬೇಕು. ಸುಗ್ಗಿ ಸಮಯದಲ್ಲಿ ಊರ ಹೊರಗಿನ ರಸ್ತೆ ಬದಿಗೆ ಬಂದು ಬೀಳುವ ಅಡಿಕೆ ಸಿಪ್ಪೆಯ ರಾಶಿಗೂ ಯಾರಾದರೂ ಒಂದು ಜಾಗ ತೋರಿಸಬೇಕು. ಅದು ಕೊಳೆಯಲು ಎಷ್ಟು ಕಾಲ ಬೇಕು ಎಂದು ತೋಟದವರಿಗೆ ಹೇಳಬೇಕಾಗಿಲ್ಲ.

ರಸ್ತೆಗೆ ಬಂದರೆ, ಐದು ರಸ್ತೆ ಸರ್ಕಲ್‌ನಲ್ಲಿ ಸಿಕ್ಕಿಕೊಂಡವರು ಬಯ್ಯುವುದು ನಗರಸಭೆ ಸದಸ್ಯರನ್ನೇ. ಆದರೆ ಕುಮಟಾ–ಶಿರಸಿ–ಹಾವೇರಿ ರಸ್ತೆ ರಾಷ್ಟ್ರೀಯ ಹೆದ್ದಾರಿ 766ಇ. ಬೇರೆ ಕೆಲವು ಲೋಕೋಪಯೋಗಿ ಇಲಾಖೆಯವು. ಒಳ ಬೀದಿಗಳಷ್ಟೇ ನಗರಸಭೆಯವು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬಂದಾಗ ಎಲ್ಲ ಇಲಾಖೆಗಳೂ ಒಟ್ಟಿಗೆ ಕೂತು ರಸ್ತೆ, ಪಾರ್ಕಿಂಗ್, ನೀರು, ಶೌಚಾಲಯ ಎಲ್ಲವನ್ನೂ ಯೋಚಿಸುತ್ತವೆ. ಒಂಬತ್ತು ದಿನ ಲಕ್ಷಗಟ್ಟಲೆ ಜನ ಬಂದರೂ ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಒಂದು ವ್ಯವಸ್ಥೆ ನಡೆಯುತ್ತದೆ. ಜಾತ್ರೆ ಇಲ್ಲದ ವರ್ಷವೂ ತಿಂಗಳಿಗೊಮ್ಮೆ ಅಂಥ ಸಭೆ ಕರೆಯಬಹುದು. ಅದಕ್ಕೆ ಅನುದಾನ ಬೇಕಾಗಿಲ್ಲ.

ದುಡ್ಡಿನ ವಿಷಯದಲ್ಲಿ ಮಾತ್ರ ಸುಳ್ಳು ಭರವಸೆಗೆ ಜಾಗ ಹೆಚ್ಚು. 'ತೆರಿಗೆ ಏರಿಸಲು ಬಿಡುವುದಿಲ್ಲ' ಎನ್ನುತ್ತಾರೆ. 2021ರಿಂದ ಆಸ್ತಿ ತೆರಿಗೆ, ಸರ್ಕಾರ ಗೊತ್ತುಮಾಡುವ ಆಸ್ತಿ ಬೆಲೆಯಾದ ಮಾರ್ಗಸೂಚಿ ದರಕ್ಕೆ ಗಂಟು ಬಿದ್ದಿದೆ, ಪ್ರತಿ ವರ್ಷ ನೂರಕ್ಕೆ 3ರಿಂದ 5ರಷ್ಟು ಏರಬೇಕು ಎಂದು ರಾಜ್ಯದ ಕಾಯ್ದೆಯೇ ಹೇಳುತ್ತದೆ. ನಾವು ಕಟ್ಟುವ ಚಲನ್‌ನಲ್ಲಿ ಗ್ರಂಥಾಲಯ, ಭಿಕ್ಷುಕರ ಸೆಸ್ ಕೂಡ ಇರುತ್ತದೆ, ಅದು ನಗರಸಭೆಗೆ ಉಳಿಯುವುದಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದಿತ್ತು. ಉಳಿದ ನಿಧಿಯಲ್ಲಿ 24.10ರಷ್ಟು ಪರಿಶಿಷ್ಟ ಜಾತಿ, ಪಂಗಡದವರಿಗೆ, 7.25ರಷ್ಟು ಇತರ ಬಡವರಿಗೆ, 5ರಷ್ಟು ಅಂಗವಿಕಲರಿಗೆ ತೆಗೆದಿಡಬೇಕು. ಇಡಲೇಬೇಕಾದ ದುಡ್ಡು ಅದು. ಸಂಬಳ, ಪಂಪಿನ ಕರೆಂಟ್ ಬಿಲ್ ಕಳೆದರೆ ಸದಸ್ಯರು ತಮ್ಮ ಇಷ್ಟದಂತೆ ಹಂಚಲು ಉಳಿಯುವುದು ಸ್ವಲ್ಪ. ಅದನ್ನು 31 ವಾರ್ಡಿಗೆ ಸಮ ಸಮ ಹಂಚಿ, ಎಲ್ಲರಿಗೂ ಒಂದೊಂದು ತುಂಡು ಕಾಂಕ್ರೀಟ್ ರಸ್ತೆ ಕೊಡುವುದು ರೂಢಿ. ಎಲ್ಲರೂ ಖುಷಿ. ಊರಿಗೆ ಒಂದು ಕೆಸರು ಘಟಕ ಮಾತ್ರ ಹಾಗೆ ತುಂಡು ಮಾಡಿ ಕಟ್ಟಲು ಬರುವುದಿಲ್ಲ.

ಹಾಗಾಗಿ ಬಾಗಿಲಿಗೆ ಬಂದವರನ್ನು ಕೇಳಬೇಕಾದದ್ದು ಹೆಚ್ಚಿಲ್ಲ. ನಿಮ್ಮ ವಾರ್ಡಿನ ತುಂಡು ರಸ್ತೆಯ ದುಡ್ಡನ್ನು ಒಂದು ವರ್ಷ ಬಿಟ್ಟುಕೊಟ್ಟು ಊರ ಕೆಲಸಕ್ಕೆ ಹಾಕುತ್ತೀರಾ? ಸಕ್ಕಿಂಗ್ ಗಾಡಿ ಎಲ್ಲಿ ಖಾಲಿ ಆಗುತ್ತದೆ ಗೊತ್ತಾ? 'ಗೊತ್ತಿಲ್ಲ, ಕೇಳಿ ಬಂದು ಹೇಳ್ತೇನೆ' ಎಂದರೆ ಅದೂ ಒಳ್ಳೆಯ ಉತ್ತರವೇ, ಹೇಳಲು ಮತ್ತೆ ಬಂದರೆ. ಮೂರು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ ವಾರ್ಡ್ ಸಮಿತಿ ಮಾಡಲೇಬೇಕೆಂದು ಸಂವಿಧಾನ ಹೇಳುವುದಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಬೀದಿಯವರನ್ನು ಕೂರಿಸಿ ಲೆಕ್ಕ ಹೇಳಲು ಯಾರೂ ತಡೆದಿಲ್ಲ. ಬಜೆಟ್‌ಗೆ ಮೊದಲು ನಗರಸಭೆ ಪೂರ್ವಭಾವಿ ಸಭೆ ಕರೆಯುತ್ತದೆ, ಹೋಗುವವರು ಕೈಬೆರಳೆಣಿಕೆ. ಅದು ನಮ್ಮ ತಪ್ಪು.

ಇನ್ನೊಂದು ವಿಷಯ ಹೊಸ ನಗರಸಭೆಯ ಮೇಜಿನ ಮೇಲೆ ಬಂದೇ ಬರುತ್ತದೆ. 2027ರ ಗಣತಿಯ ಅಂಕಿ ಅದರ ಅವಧಿಯಲ್ಲೇ ಸಿಗುತ್ತದೆ. ಆಗ ಅಂಚಿನ ಪಂಚಾಯ್ತಿಗಳ ಯಾವ ಬಡಾವಣೆಯನ್ನು ನಗರಕ್ಕೆ ಸೇರಿಸಬೇಕು, ಸೇರಿಸಿದರೆ ಅಲ್ಲಿನ ತೆರಿಗೆ ಎಷ್ಟು ಏರುತ್ತದೆ, ಬದಲಿಗೆ ಅವರಿಗೆ ಎಷ್ಟು ದಿನದಲ್ಲಿ ನಲ್ಲಿ ನೀರು ಕೊಡಲು ಸಾಧ್ಯ ಎಂದು ಲೆಕ್ಕ ಹಾಕಬೇಕಾಗುತ್ತದೆ. ಗಡಿ ಹಿಗ್ಗಿಸುವ ಉತ್ಸಾಹ ಎಲ್ಲರಿಗೂ ಇರುತ್ತದೆ, ಯಾಕೆಂದರೆ ಜನ ಹೆಚ್ಚಿದರೆ ಅನುದಾನವೂ ಹೆಚ್ಚುತ್ತದೆ. ಕೆಂಗ್ರೆ, ಮಾರಿಗದ್ದೆಯಲ್ಲಿ ಮೇ ತಿಂಗಳಿನಲ್ಲಿ ಎಷ್ಟು ನೀರು ಇರುತ್ತದೆ ಎಂದು ಅಳೆದ ಮೇಲೆಯೇ ಆ ಪ್ರಸ್ತಾವಕ್ಕೆ ಕೈ ಎತ್ತುತ್ತೇನೆ ಎನ್ನುವ ಸದಸ್ಯರು ಆ ಸಭೆಯಲ್ಲಿ ಐದಾರು ಜನರಾದರೂ ಇರಬೇಕು.